ಪೆಟ್ಟಿಗೆಯೊಳಗಿನ ಕೀಲಿಕೈ

ತಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಅವರು ಮೆಲ್ಲಗೆ ಕೇಳಿದರು, "ಪಾಸ್‌ವರ್ಡ್ ಹೇಳ್ತೀರಾ?"

ಚಹಾ ಲೋಟ ಹಿಡಿದುಕೊಂಡು ಬಂದವಳು ಅಲ್ಲೇ ನಿಂತುಬಿಟ್ಟೆ.

ಅಪ್ಪ ಓಣಿಯ ಮಕ್ಕಳಿಗೆಂದು ಕಥೆ ಓದುತ್ತಿದ್ದರು, ನಾನು ರೆಕಾರ್ಡ್ ಮಾಡುತ್ತಿದ್ದೆ. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಹೋಯಿತು. ಉಳಿದದ್ದು ಆ ರೆಕಾರ್ಡಿಂಗ್‌ಗಳಷ್ಟೇ. ಮೊನ್ನೆ ಕಂಪ್ಯೂಟರ್ ಸುಟ್ಟುಹೋದಾಗಲೂ ನಾನು ಹೆದರಲಿಲ್ಲ, ಯಾಕಂದ್ರೆ ಈಗ ಪಾಸ್‌ವರ್ಡ್ ಕೇಳುತ್ತಿರುವ ಇವರಿದ್ದರು. ಅಪ್ಪನ ಬಾಯಲ್ಲಿ ಇವರು 'ಬ್ಯಾಕಪ್ ಮಹಾಶಯ'. ನಮ್ಮ ಫೈಲುಗಳೆಲ್ಲ ದಿನಾ ಬೀಗ ಹಾಕಿಕೊಂಡು ಎಲ್ಲೋ ದೂರದ ಬಾಡಿಗೆ ಸರ್ವರ್‌ಗೆ ಹೋಗಿ ಕೂರುವ ಹಾಗೆ ಮಾಡಿಕೊಟ್ಟವರು; ಆ ಬೀಗಕ್ಕೆ ನಾನಿಟ್ಟ ಪಾಸ್‌ವರ್ಡೇ ಕೀಲಿ. ತಿಂಗಳಿಗೊಮ್ಮೆ "ಚೆಕ್ ಮಾಡ್ಬೇಕು" ಅಂತ ಬರುತ್ತಿದ್ದರು. ಚೆಕ್ ಮಾಡೋದು ಸರ್ವರನ್ನಾ, ನಿನ್ನನ್ನಾ ಅಂತ ಅಪ್ಪ ದನಿ ಇದ್ದಾಗಲೇ ರೇಗಿಸಿದ್ದರು.

"ಉದ್ದ ಇತ್ತಲ್ಲ, ಒಂದು ಫೈಲಲ್ಲಿ ಬರೆದಿಟ್ಟಿದ್ದೆ" ಎಂದೆ.

"ಆ ಫೈಲ್ ಎಲ್ಲಿ?"

"ಕಂಪ್ಯೂಟರಲ್ಲಿ. ಬ್ಯಾಕಪ್‌ನಲ್ಲೂ ಇದೆ."

ಹೇಳಿದ ಮೇಲೆ ಅರ್ಥವಾಯಿತು. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಿದ್ದೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನೀವಾದ್ರೂ ಒಂದು ಕಾಪಿ ಇಟ್ಕೋಬಾರ್ದಿತ್ತಾ?" ನನ್ನ ಸಿಟ್ಟಿಗೆ ತಲೆಬುಡ ಇರಲಿಲ್ಲ.

"ಕೀಲಿ ನನ್ನ ಹತ್ರ ಇದ್ದಿದ್ರೆ ಕದ್ದು ತೆರೀತಿದ್ದೆ. ಕಥೆ ಮಧ್ಯೆ ನೀವು ನಗ್ತೀರಂತೆ, ನಿಮ್ಮಪ್ಪ ಹೇಳಿದ್ರು. ಅದನ್ನ ಕೇಳೋಕೆ. ನನ್ನ ಮೇಲೆ ನನಗೇ ನಂಬಿಕೆ ಇರ್ಲಿಲ್ಲ."

ಮುಖ ಎಲ್ಲಿಟ್ಟುಕೊಳ್ಳಲಿ? ಅಳು ಬರುತ್ತಿತ್ತು, ಜೊತೆಗೇ ಕಿವಿ ಬಿಸಿಯಾಗುತ್ತಿತ್ತು. ಇದೆಂಥ ಕರ್ಮ.

"ಫೈಲ್ ಒಂದೂ ಹೋಗಿಲ್ಲ, ಎಲ್ಲ ಅಲ್ಲೇ ಇವೆ, ನೋಡಿ. ತೆರೆಯೋಕೆ ಮಾತ್ರ ನನ್ನ ಕೈಲಾಗಲ್ಲ. ಯಾರ ಕೈಲೂ ಆಗಲ್ಲ."

"ಅಳಿಸಿಬಿಡಿ ಹಾಗಾದ್ರೆ."

"ಅದೂ ನನ್ನ ಕೈಲಾಗಲ್ಲ" ಎಂದು ತಲೆ ತಗ್ಗಿಸಿದರು.

ಬಾಗಿಲಲ್ಲಿ ಅಪ್ಪ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಅವರ ಎದೆಗೆ ಹಣೆ ಒತ್ತಿ "ಅಪ್ಪಾ, ಕಳೆದುಬಿಟ್ಟೆ" ಎಂದೆ. ಅಪ್ಪ ನನ್ನ ತಲೆ ಸವರಿ, ಕರೆತಂದು ಮಹಾಶಯರ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು. ತಾವು ಎದುರಿಗೆ ಕೂತು, ಕಥೆ ಶುರುಮಾಡುವಾಗ ಮಾಡುತ್ತಿದ್ದ ಹಾಗೇ ಎರಡೂ ಕೈ ಉಜ್ಜಿ, ತುಟಿ ಆಡಿಸಿದರು.

"ಏನಂತಿದಾರೆ?" ಮಹಾಶಯರು ಕೇಳಿದರು.

ಅಪ್ಪನ ತುಟಿ ಓದಲು ನನಗೊಬ್ಬಳಿಗೇ ಬರುತ್ತಿತ್ತು. "ಒಂದೂರಲ್ಲಿ..." ಎಂದು ಕಣ್ಣೊರೆಸಿಕೊಂಡೆ. "ಒಂದೂರಲ್ಲಿ ಒಬ್ಬ ಪೆದ್ದ ಇದ್ದನಂತೆ. ಅವನಿಗೆ ತಕ್ಕ ಪೆದ್ದಿ ಸಿಕ್ಕಳಂತೆ."

"ನಿಜವಾಗ್ಲೂ ಹಾಗೇ ಹೇಳಿದ್ರಾ?"

ಅಪ್ಪ ಹೌದೌದು ಎಂದು ತಲೆಯಾಡಿಸಿದರು. ದನಿಯಿಲ್ಲದೆ ನಗುತ್ತಿದ್ದರು, ಭುಜ ಕುಣಿಯುತ್ತಿತ್ತು.

ಮೇಜಿನ ಕೆಳಗೆ ಮಹಾಶಯರು ನನ್ನ ಕೈ ಹಿಡಿದರು. ಬಿಡಿಸಿಕೊಳ್ಳಲು ನನ್ನ ಕೈಲಾಗಲಿಲ್ಲ.