ಹದಿನಾಲ್ಕರ ಬಟ್ಟೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹಿರಿಯರ ವಸತಿಧಾಮದ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟ. ಒಗೆಯಲು ಹಾಕಿದ ಬಟ್ಟೆಗಳು ಮಾಲೀಕರ ಕೈಗೆ ವಾಪಸ್ ಬರುತ್ತಿಲ್ಲ. ಅನುಮಾನ ಬಟ್ಟೆ ಒಗೆಯುವ ಹೆಂಗಸಿನ ಮೇಲೆ. ಎಫ್‌ಐಆರ್ ಪ್ರತಿ ಕೈಗೆ ಸಿಕ್ಕರೆ ಇವತ್ತೇ ಅವಳನ್ನು ಕೆಲಸದಿಂದ ತೆಗೆಯುವುದಾಗಿಯೂ ಹೇಳಿದ.

"ಎಫ್‌ಐಆರ್ ಹಾಕ್ತೀವಿ. ಆದ್ರೆ ಆರೋಪಿ ಅಪರಿಚಿತ ಅಂತಲೇ ಬರೆಯೋದು," ಎಂದರು ಇನ್ಸ್‌ಪೆಕ್ಟರ್ ಮೇಡಂ. "ಕಳ್ಳರು ಸಿಗೋತನಕ ಅವಳ ತಂಟೆಗೆ ಹೋಗ್ಬೇಡಿ."

ಮಧ್ಯಾಹ್ನಕ್ಕೆ ಮೇಡಂ ಹೆಡ್ ಕಾನ್‌ಸ್ಟೇಬಲ್ ಮೀಸೆಯ ಜೊತೆ ವಸತಿಧಾಮ ತಲುಪಿದರು. ಮೀಸೆ ಬೋಳಿಸಿ ಹತ್ತು ವರ್ಷವಾಗಿದ್ದರೂ ಅವರಿಗೆ ಆ ಅಡ್ಡಹೆಸರು ತಪ್ಪಿರಲಿಲ್ಲ. ಉದ್ದನೆಯ ಓಣಿ, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಕಟ್ಟಿಗೆಯ ಕಂಬಿ, ಎರಡೂ ಕಡೆ ನಂಬರು ಬರೆದ ಬಾಗಿಲುಗಳು. ಊಟ ಮುಗಿದು ಎಲ್ಲರೂ ಮಲಗುವ ಹೊತ್ತು.

ಬಟ್ಟೆ ಕಳೆದುಕೊಂಡವರು ಹದಿನಾಲ್ಕನೇ ಕೋಣೆಯ ಕಂಡಕ್ಟರ್ ತಾತ. ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಈ ಜಾಗಕ್ಕೆ ಹೊಸಬರು. ಊಟವನ್ನೂ ಕೋಣೆಗೇ ತರಿಸಿಕೊಳ್ಳುತ್ತಿದ್ದರು.

"ಅಂಗಿ ಹೋಯ್ತು, ಪಂಚೆ ಹೋಯ್ತು, ಟವೆಲ್ಲೂ ಹೋಯ್ತು. ಇನ್ನು ನನ್ನನ್ನೇ ಹೊತ್ಕೊಂಡು ಹೋಗೋದು ಬಾಕಿ."

"ನಿಮ್ಮನ್ನ ಯಾರು ಹೊರ್ತಾರೆ ತಾತ, ಭಾರ ಜಾಸ್ತಿ," ಎಂದರು ಮೀಸೆ.

ತಾತ ತೊಟ್ಟಿದ್ದ ಕಂದು ಸ್ವೆಟರನ್ನು ಎದೆಯ ಹತ್ತಿರ ಎಳೆದುಕೊಂಡರು. "ಇದೊಂದು ಉಳಿದಿದೆ. ಇದನ್ನ ಒಗೆಯೋಕೇ ಹಾಕಲ್ಲ."

ಮೇಡಂ ಒಗೆಯುವ ಕೋಣೆಗೆ ಹೋದರು. ಬಟ್ಟೆ ಒಗೆಯುವ ಹೆಂಗಸು ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಮೇಡಂ ಅವಳ ಪಕ್ಕದ ಸ್ಟೂಲ್ ಎಳೆದು ಕೂತರು.

"ಬೇರೆ ಯಾರ ಬಟ್ಟೆ ಹೋಗಿದೆ?"

"ಯಾರದ್ದೂ ಇಲ್ಲ ಮೇಡಂ. ಹದಿನಾಲ್ಕು ಅಂತ ನಂಬರ್ ಇರೋವು ಮಾತ್ರ."

ಅವಳು ಒಂದು ಅಂಗಿಯ ಕಾಲರ್ ಮಡಿಸಿ ತೋರಿಸಿದಳು. ಒಳಗೆ ಬಿಳಿ ಪಟ್ಟಿ ಹೊಲಿದಿತ್ತು, ಮೇಲೆ ಕೋಣೆಯ ನಂಬರು.

"ತಾತನಿಗಿಂತ ಮುಂಚೆ ಆ ಕೋಣೇಲಿ ಇದ್ದೋರ ಬಟ್ಟೆಗೆ?"

"ಅದೇ ನಂಬರ್. ಜನ ಬದಲಾಗ್ತಾರೆ, ಬಾಗಿಲ ನಂಬರ್ ಬದಲಾಗುತ್ತಾ?"

ಮೇಡಂ ಸ್ವಲ್ಪ ಹೊತ್ತು ಆ ಪಟ್ಟಿಯನ್ನೇ ನೋಡಿದರು. ಕಳ್ಳರಿಗೆ ಬೇಕಾದದ್ದು ತಾತನ ಬಟ್ಟೆಯಲ್ಲ ಎಂದು ಅವರಿಗೆ ಆಗಲೇ ಅನಿಸಿತ್ತು.

ಮಾರನೆಯ ದಿನ ಅದೇ ಹೊತ್ತಿಗೆ ಒಗೆದ ಬಟ್ಟೆಯ ಗಾಡಿಯನ್ನು ಎಂದಿನಂತೆ ಓಣಿಯಲ್ಲಿ ನಿಲ್ಲಿಸಿದರು. ಮೇಲೆಯೇ ಹದಿನಾಲ್ಕರ ಗಂಟು. ಮೀಸೆ ಔಷಧಿ ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಹದಿನಾಲ್ಕರ ಎದುರು ಬಾಗಿಲು ತೆರೆಯಿತು. ವಾಕರ್ ಊರಿಕೊಂಡು ಟೆಲಿಫೋನ್ ಅಮ್ಮ ಹೊರಗೆ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿವೃತ್ತಿಯ ತನಕ ದುಡಿದವರು, ಒಂಟಿ ಜೀವ. ಗಂಟನ್ನೆತ್ತಿ ವಾಕರಿನ ಬುಟ್ಟಿಯಲ್ಲಿಟ್ಟುಕೊಂಡು, ಬಂದಷ್ಟೇ ನಿಧಾನವಾಗಿ ಒಳಗೆ ಹೋದರು.

ಮೇಡಂ ಬಾಗಿಲು ತಟ್ಟಿದಾಗ ಗಂಟು ಹಾಸಿಗೆಯ ಮೇಲೆ ಬಿಚ್ಚಿತ್ತು. ಬೀರುವಿನಲ್ಲಿ ತಾತನ ಉಳಿದ ಬಟ್ಟೆಗಳೆಲ್ಲ ಮಡಿಕೆ ಕೆಡದಂತೆ ಜೋಡಿಸಿದ್ದವು.

"ಇವು ಯಾಕೆ ಬೇಕಿತ್ತು ಅಮ್ಮ?"

"ಇವು ಬೇಕಿರ್ಲಿಲ್ಲ. ವಾಪಸ್ ಇಡೋಕೆ ಹೋದ್ರೆ ಸಿಕ್ಕಿಬೀಳ್ತೀನಿ ಅಂತ ಇಟ್ಕೊಂಡೆ."

"ಒಗೆಯೋಳ ಕೆಲಸ ಹೋಗೋದ್ರಲ್ಲಿತ್ತು, ಗೊತ್ತಾ?"

ಅಮ್ಮ ವಾಕರ್ ಬಿಟ್ಟು ಹಾಸಿಗೆಯ ಅಂಚಿಗೆ ಕೂತರು. "ಅಯ್ಯೋ, ಆ ಮಗು ಏನೂ ಮಾಡಿಲ್ಲ. ನನ್ನ ಹೆಸರು ಬರ್ಕೊಳ್ಳಿ."

"ಹುಡುಕ್ತಿದ್ದದ್ದು ಏನು?"

"ಸ್ವೆಟರ್. ಎದುರುಗಡೆ ಮುಂಚೆ ಇದ್ರಲ್ಲ, ಅವರದ್ದು. ದಿನಾ ಸಂಜೆ ಇಬ್ರೂ ಆ ಕಿಟಕಿ ಹತ್ರ ಕೂತ್ಕೋತಿದ್ವಿ. ಅವರು ತೀರಿಹೋದ ದಿನ ಅದು ಒಗೆಯೋಕೆ ಹೋಗಿತ್ತು. ಮಕ್ಕಳು ಬಂದು ಸಾಮಾನೆಲ್ಲ ಒಯ್ದಾಗ ಅದು ಕೋಣೇಲಿರ್ಲಿಲ್ಲ. ಇಲ್ಲೇ ಎಲ್ಲೋ ಸುತ್ತುತ್ತಿರ್ಬೇಕು."

"ಬಾಯಿಬಿಟ್ಟು ಕೇಳ್ಬಹುದಿತ್ತಲ್ಲ?"

"ಏನಂತ ಕೇಳ್ಲಿ? ನೀವು ಅವರಿಗೆ ಏನಾಗ್ಬೇಕು ಅಂತಾರೆ. ಅವರು ಹೋದ ಸುದ್ದೀನೇ ನಂಗೆ ಯಾರೂ ಹೇಳ್ಲಿಲ್ಲಮ್ಮ. ಊಟಕ್ಕೆ ಹೋದೆ, ಪಕ್ಕದ ಕುರ್ಚಿ ತೆಗೆದುಬಿಟ್ಟಿದ್ರು. ಏನಾಗ್ಬೇಕು ನಾನು? ಎದುರು ಕೋಣೆಯವಳು."

ಮೇಡಂ ಕೇಳಿದರು. "ಸ್ವೆಟರಿಗೆ ಗುರುತೇನಾದ್ರೂ?"

"ಕಂದು ಬಣ್ಣ. ಎಡ ಮೊಣಕೈ ಹರಿದಿತ್ತು. ನನ್ನ ಹತ್ರ ಕಂದು ಉಣ್ಣೆ ಇರ್ಲಿಲ್ಲ, ನೀಲಿಯಲ್ಲಿ ಹೆಣೆದುಕೊಟ್ಟೆ. ಗಿಳಿ ಕೂತ ಹಾಗಿದೆ ಅಂತ ನಗ್ತಿದ್ರು."

ಪಂಚನಾಮೆಗೆ ಕರೆಸಿದ್ದ ಕಂಡಕ್ಟರ್ ತಾತ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ತಮ್ಮ ಎಡಗೈ ಎತ್ತಿ ತಿರುಗಿಸಿ ನೋಡಿಕೊಂಡರು. ನೀಲಿ ತೇಪೆ ಅಲ್ಲಿತ್ತು.

"ನಾನು ಬಂದ ವಾರ ಒಗೆದ ಬಟ್ಟೆ ಜೊತೆ ಬಂತು," ಎಂದರು. ಗಂಟಲು ತಗ್ಗಿತ್ತು. "ಮಗಳು ಪೆಟ್ಟಿಗೆ ತುಂಬಿ ಕಳಿಸಿದ್ಲು. ಅಪ್ಪನಿಗೆ ಚಳಿ ಆಗುತ್ತೆ ಅಂತ ಅವಳೇ ಇಟ್ಟಿರ್ಬೇಕು ಅಂದ್ಕೊಂಡೆ."

ತಾತ ಒಂದೊಂದೇ ಗುಂಡಿ ಬಿಚ್ಚಿ, ಸ್ವೆಟರ್ ತೆಗೆದು ಅಮ್ಮನ ಮುಂದೆ ಹಿಡಿದರು. ಅದು ಸಾಕ್ಷ್ಯದ ವಸ್ತು, ನೇರ ಪೊಲೀಸರ ಕೈಗೆ ಬರಬೇಕಾದದ್ದು. ಮೀಸೆ ಮೊಹರು ಹಾಕುವ ಅರಗು, ದಾರ ಹುಡುಕುವ ನೆಪದಲ್ಲಿ ಚೀಲದೊಳಗೆ ತಲೆ ಹಾಕಿದರು. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು, ತೋಳುಗಳನ್ನು ಒಳಗೆ ಸೇರಿಸಿ, ತಾವೇ ಮಡಿಸಿಕೊಟ್ಟರು.

"ಕೇಸ್ ಮುಗಿದ ಮೇಲೆ ಅವರ ಮಕ್ಕಳನ್ನ ನಾನೇ ಕೇಳ್ತೀನಿ, ಇದು ನಿಮಗಿರಲಿ ಅಂತ," ಎಂದರು ಮೇಡಂ.

ಸಂಜೆ ನಾಲ್ಕಕ್ಕೆ ಅಮ್ಮನ ಕೋಣೆಯಲ್ಲೇ ಬಂಧನದ ಕಾಗದ ಬರೆಯಲಾಯಿತು. ಠಾಣಾ ಜಾಮೀನಿನ ಮೇಲೆ ಬಿಡುವುದೆಂದು ಮೇಡಂ ಮೊದಲೇ ತೀರ್ಮಾನಿಸಿದ್ದರು. ಉದ್ದೇಶ ಎನ್ನುವಲ್ಲಿ ಅವರು ಇಷ್ಟೇ ಬರೆದರು: ಲಾಭಕ್ಕಾಗಿ ಅಲ್ಲ; ತೀರಿಕೊಂಡವರ ನೆನಪಿಗಾಗಿ.

ಇನ್ನೊಂದು ಸಾಲು ಖಾಲಿ ಉಳಿದಿತ್ತು. "ಬಂಧನದ ಸುದ್ದಿ ಯಾರಿಗೆ ತಿಳಿಸಬೇಕಮ್ಮ?"

ಅಮ್ಮ ತೆರೆದ ಬಾಗಿಲಾಚೆ ಹದಿನಾಲ್ಕರ ಕಡೆ ನೋಡಿದರು. ಪೆನ್ನು ಕಾಯುತ್ತಿತ್ತು.

"ನನಗೆ ತಿಳಿಸಿ, ಬರ್ಕೊಳ್ಳಿ," ಎಂದರು ಕಂಡಕ್ಟರ್ ತಾತ, ಬರಿ ಅಂಗಿಯಲ್ಲಿ ತೋಳು ಉಜ್ಜಿಕೊಳ್ಳುತ್ತ.

"ಸಂಬಂಧ?" ಎಂದು ಕೇಳಿದರು ಮೇಡಂ.

"ಎದುರು ಕೋಣೆ."

ಮೇಡಂ ಹಾಗೇ ಬರೆದುಕೊಂಡರು.