ಮಜಾ ಬರ್ತಿಲ್ಲ ಅನ್ನೋ ರೋಗ

“ಅಮ್ಮಾ, ಇದು ಕೆಟ್ಟುಹೋಗಿದೆ.”

ಜೀರುಂಡೆ ಎಂಬ ಅಡ್ಡಹೆಸರಿನ ಹುಡುಗಿ ತನ್ನ ಗೇಮ್ ಬಾಕ್ಸನ್ನು ಎರಡೂ ಕೈಯಲ್ಲಿ ಹೊತ್ತು ತಂದು ಅಂಗಡಿಯ ಮೇಜಿನ ಮೇಲೆ ಇಟ್ಟಳು. ಮೇಜಿನ ಈ ಕಡೆ ಹೊಟ್ಟೆ ಬಿಚ್ಚಿಕೊಂಡ ಮಿಕ್ಸಿ, ಆ ಕಡೆ ರೆಕ್ಕೆ ಕಳಚಿಟ್ಟ ಫ್ಯಾನು. ನಡುವೆ ಅಮ್ಮ. ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಸ್ಕ್ರೂಡ್ರೈವರ್. ಅಮ್ಮನದು ರಿಪೇರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ.

“ಆನ್ ಆಗುತ್ತಾ?” ಅಮ್ಮ ಗಿರಾಕಿಗಳನ್ನು ಕೇಳುವ ಧಾಟಿಯಲ್ಲೇ ಕೇಳಿದಳು.

“ಆಗುತ್ತೆ.”

“ಟೀವೀಲಿ ಚಿತ್ರ ಬರುತ್ತಾ?”

“ಬರುತ್ತೆ.”

“ಸೌಂಡು?”

“ಅದೂ ಬರುತ್ತೆ.”

“ಬಟನ್ ಏನಾದ್ರೂ ಕೈ ಕೊಟ್ಟಿದ್ಯಾ?”

“ಇಲ್ಲ ಅಮ್ಮ. ಎಲ್ಲಾ ಕೆಲಸ ಮಾಡುತ್ತೆ.”

ಅಮ್ಮ ಕನ್ನಡಕ ಮೇಲಕ್ಕೆ ತಳ್ಳಿದಳು. “ಮತ್ತೆ ಇದಕ್ಕೇನು ರೋಗ?”

ಜೀರುಂಡೆ ಕಾಲಬೆರಳಿನಿಂದ ನೆಲ ಕೆರೆದಳು. “ಮಜಾ ಬರ್ತಿಲ್ಲ.”

ಮಿಕ್ಸಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಟೈಲರ್ ಮಾಮ ಕಿಸಕ್ಕೆಂದು ನಕ್ಕುಬಿಟ್ಟರು. ಅಮ್ಮ ಮಾತ್ರ ನಗಲಿಲ್ಲ. ಗಿರಾಕಿ ಏನೇ ದೂರು ಹೇಳಲಿ, ನಗಬಾರದು. ಬಿಚ್ಚಿ ನೋಡದೆ ಏನನ್ನೂ ವಾಪಸ್ ಕಳಿಸಬಾರದು. ಇದು ಅವಳ ಅಂಗಡಿಯ ಕಾನೂನು. ಮಗಳೂ ಗಿರಾಕಿಯೇ ಅಲ್ಲವೇ?

“ಸರಿ. ನಾಳೆ ಸ್ಕೂಲಿಂದ ಬಂದ್ಮೇಲೆ ಬಿಚ್ಚೋಣ,” ಎಂದಳು. “ಆದ್ರೆ ನನ್ನ ಕೈಯಲ್ಲಿ ರಿಪೇರಿ ಆಗಿದ್ದು ಮತ್ತೆ ಕೆಡೋದು ಅಂದ್ರೆ! ನೋಡ್ತೀನಿ ಅದರ ಗತಿ.”

ಅಂಥ ಮನೆಯಲ್ಲಿ ಹುಟ್ಟಿದವಳಿಗೆ ಬೇರೆ ಏನು ತಾನೇ ತೋಚೀತು? ಫ್ಯಾನು ತಿರುಗದಿದ್ದರೆ ಒಳಗೆ ಏನೋ ಸುಟ್ಟಿರುತ್ತದೆ. ರೇಡಿಯೋ ಗೊರಗೊರ ಅಂದರೆ ಎಲ್ಲೋ ವೈರು ಬಿಟ್ಟಿರುತ್ತದೆ. ಹಾಗೆಯೇ, ಆಟ ಬೋರಾದರೆ ಆಟದ ಡಬ್ಬಿಯೊಳಗೇ ಏನೋ ಕೆಟ್ಟಿರಬೇಕು. ಜೀರುಂಡೆ ಕೇಬಲ್ ಬದಲಾಯಿಸಿ ನೋಡಿದ್ದಳು. ಕಂಟ್ರೋಲರನ್ನು ಒರೆಸಿ ಒರೆಸಿ ಹೊಳೆಯುವಂತೆ ಮಾಡಿದ್ದಳು. ಟೀವಿಯ ಬಣ್ಣ ಹೆಚ್ಚಿಸಿದ್ದಳು. ಊಹೂಂ.

ಬೋರಾದರೆ ಆಡದಿದ್ದರಾಯಿತು, ಅದಕ್ಕೇಕೆ ಇಷ್ಟು ತಲೆಬಿಸಿ ಎಂದು ನೀವು ಕೇಳಬಹುದು. ತಲೆಬಿಸಿ ಇದ್ದದ್ದು ಶನಿವಾರದ್ದು. ಶನಿವಾರ ಎಂದರೆ ಅಪ್ಪ.

ಅಪ್ಪ ಕ್ರೇನ್ ಆಪರೇಟರ್. ದೂರದಲ್ಲೆಲ್ಲೋ ದೊಡ್ಡ ನದಿಗೆ ಸೇತುವೆ ಕಟ್ಟುತ್ತಿದ್ದಾರೆ, ಅಲ್ಲಿ ಅವನ ಕೆಲಸ. ಮನೆಗೆ ಬರುವುದು ಯಾವಾಗಲೋ ಒಮ್ಮೆ. ದಿನಾ ಫೋನ್ ಮಾಡುತ್ತಾನೆ, ನಿಜ. ಆದರೆ ಆ ಫೋನಿನ ಕತೆ ಕೇಳಿ:

“ಊಟ ಆಯ್ತಾ?”

“ಆಯ್ತು.”

“ಸ್ಕೂಲು?”

“ಚೆನ್ನಾಗಿತ್ತು.”

“ಹೂಂ... ಮತ್ತೆ?”

“ಮತ್ತೇನಿಲ್ಲ.”

“ಸರಿ, ಅಮ್ಮಂಗೆ ಕೊಡು.”

ಮುಗಿಯಿತು. ಅದು ಎರಡು ನಿಮಿಷದ ಅಪ್ಪ.

ಶನಿವಾರದ ಅಪ್ಪನೇ ಬೇರೆ. ಗುಜರಿಗೆ ಹೋಗಬೇಕಿದ್ದ ಎರಡು ಗೇಮ್ ಬಾಕ್ಸುಗಳಿಗೆ ಅಮ್ಮ ಜೀವ ಬರಿಸಿ, ಒಂದನ್ನು ಮನೆಯಲ್ಲಿಟ್ಟು, ಇನ್ನೊಂದನ್ನು ಅಪ್ಪನ ಬ್ಯಾಗಿಗೆ ತುರುಕಿದ್ದಳು. ಶನಿವಾರ ಸಂಜೆ ಅಪ್ಪ ಅಲ್ಲಿ, ಮಗಳು ಇಲ್ಲಿ, ಇಬ್ಬರೂ ಹೆಡ್‌ಸೆಟ್ ಹಾಕಿಕೊಂಡು ಆಟದೊಳಗೆ ಒಂದು ಊರು ಕಟ್ಟುತ್ತಿದ್ದರು. ಅಪ್ಪನದು ಹಸಿರು ಟೋಪಿಯ ಗೊಂಬೆ, ಅವಳದು ಕೆಂಪು ಬೂಟಿನ ಗೊಂಬೆ. ಕತ್ತಲಾದರೆ ಕಲ್ಲುಗೂಬೆಗಳು ಬಂದು ಚಾವಣಿ ಕಿತ್ತುಕೊಂಡು ಹೋಗುತ್ತಿದ್ದವು. ಅಪ್ಪ “ಬಂತು ಬಂತು, ಹೊಡಿ ಹೊಡಿ!” ಎಂದು ಕಿರುಚಿ, ಗಾಬರಿಯಲ್ಲಿ ತಾನೇ ಬಾವಿಗೆ ಬೀಳುತ್ತಿದ್ದ. ಬಾವಿಯೊಳಗಿಂದಲೇ ಜೋಕ್ ಹೇಳುತ್ತಿದ್ದ. ಜೀರುಂಡೆಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಬಾಯಿ ಮುಚ್ಚದೆ ಹರಟುತ್ತಾಳೆಂದು ಅವಳಿಗೆ ಜೀರುಂಡೆ ಎಂದು ಹೆಸರಿಟ್ಟವನೂ ಅವನೇ.

ಆದರೆ ಕಳೆದ ಶನಿವಾರ ಅಪ್ಪ ಬಾವಿಗೆ ಬಿದ್ದಾಗ ಅವಳಿಗೆ ಆಕಳಿಕೆ ಬಂತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಏನೇ ಜೀರುಂಡೆ, ಸದ್ದೇ ಇಲ್ಲ?” ಎಂದ ಅಪ್ಪ.

“ಏನಿಲ್ಲ ಅಪ್ಪ, ಆಡ್ತಾ ಇದ್ದೀನಿ.”

ಆವತ್ತಿನಿಂದ ಅವಳಿಗೆ ಭಯ ಹತ್ತಿಕೊಂಡಿತು. ಆಟ ಹೋದರೆ ಶನಿವಾರದ ಅಪ್ಪನೂ ಹೋದ. ಉಳಿಯುವುದು ಎರಡು ನಿಮಿಷದ ಅಪ್ಪ ಒಬ್ಬನೇ.

ಮರುದಿನ ಸಂಜೆ ಅಮ್ಮ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸ್ಕ್ರೂಡ್ರೈವರನ್ನು ಮಗಳ ಕೈಗೇ ಕೊಟ್ಟಳು.

“ನಾನಾ?”

“ರೋಗ ಕಂಡುಹಿಡಿದವಳು ನೀನೇ ತಾನೇ? ಬಿಚ್ಚು. ಯಾವ ಮೂಲೆ ಸ್ಕ್ರೂ ತೆಗೀತೀಯೋ, ಬಟ್ಟೆ ಮೇಲೂ ಅದೇ ಮೂಲೇಲಿ ಇಡು. ಇಲ್ದಿದ್ರೆ ಆಮೇಲೆ ತಲೆ ಕೆರ್ಕೋಬೇಕಾಗುತ್ತೆ.”

ಮುಚ್ಚಳ ತೆಗೆದಾಗ ಜೀರುಂಡೆ “ಅಬ್ಬಾ!” ಎಂದಳು. ಒಳಗೆ ಧೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು. ಅಂಗೈಯಷ್ಟು ಪುಟ್ಟ ಫ್ಯಾನು. ಅದರ ಸಂದಿಯಲ್ಲಿ ಒಂದು ಉದ್ದ ಕೂದಲು, ಒಂದು ಸತ್ತ ಇರುವೆ. ಅವಳು ಕೆನ್ನೆ ಉಬ್ಬಿಸಿ ಊದಲು ಹೋದಳು.

“ಏಯ್, ಊದಬೇಡ! ಎಂಜಲು ಬೀಳುತ್ತೆ. ಬ್ರಷ್ ತಗೋ.”

ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದಳು. ಫ್ಯಾನನ್ನು ಬೆರಳಿನಿಂದ ತಿರುಗಿಸಿದಳು. “ಇದು ಯಾಕೆ ಅಮ್ಮ? ಒಳಗಿರೋರಿಗೆ ಸೆಕೆ ಆಗುತ್ತಾ?”

“ಆಗುತ್ತೆ ಮತ್ತೆ. ಅಲ್ಲಿ ನೋಡು, ಆ ಚೌಕ ಇದ್ಯಲ್ಲ, ಲೆಕ್ಕ ಎಲ್ಲಾ ಮಾಡೋದು ಅದೇ. ಕೆಲಸ ಮಾಡಿ ಮಾಡಿ ಕಾವೇರುತ್ತೆ.”

“ಹಾಗಾದ್ರೆ ಗೂಬೆ ಬರೋದು ಇದರೊಳಗಿಂದಾನಾ?”

“ಹೂಂ. ಗೂಬೇನೂ ಅಲ್ಲೇ, ನಿಮ್ಮಪ್ಪನ ಟೋಪೀನೂ ಅಲ್ಲೇ.”

ಜೀರುಂಡೆ ಮೂಗು ತಾಗುವಷ್ಟು ಬಗ್ಗಿದಳು. ಹಸಿರು ಬೋರ್ಡಿನ ಮೇಲಿನ ಈ ದಾರಿ ಎಲ್ಲಿಗೆ ಹೋಗುತ್ತೆ? ಇದನ್ನು ತೆಗೆದರೆ ಏನಾಗುತ್ತೆ? ಇದು ಯಾಕೆ ಚಿನ್ನದ ಬಣ್ಣ? ಅಮ್ಮ ಗೊತ್ತಿದ್ದಕ್ಕೆ ಉತ್ತರ ಕೊಟ್ಟಳು, ಗೊತ್ತಿಲ್ಲದ್ದಕ್ಕೆ “ದೇವರಿಗೇ ಗೊತ್ತು” ಎಂದಳು. ಶಟರ್ ಎಳೆಯುವ ಹೊತ್ತು ಮೀರಿದ್ದು ಇಬ್ಬರಿಗೂ ತಿಳಿಯಲೇ ಇಲ್ಲ.

ಎಲ್ಲ ಜೋಡಿಸಿ ಮುಚ್ಚಳ ಹಾಕಿ ನೋಡಿದರೆ, ಬಟ್ಟೆಯ ನಟ್ಟನಡುವೆ ಒಂದು ಸ್ಕ್ರೂ ಉಳಿದಿತ್ತು.

ಅಮ್ಮ ಕೈ ಕಟ್ಟಿ ನಿಂತಳು. ಜೀರುಂಡೆ ನಾಲಿಗೆ ಕಚ್ಚಿಕೊಂಡು ಮತ್ತೆ ಮೊದಲಿನಿಂದ ಬಿಚ್ಚಿದಳು. ಫ್ಯಾನಿನ ಕೆಳಗೆ ಒಂದು ಖಾಲಿ ತೂತು ಸಿಕ್ಕಾಗ ಅವಳು ಹಾಕಿದ ಕೇಕೆಗೆ ಎದುರು ಮನೆಯ ಕಿಟಕಿ ತೆರೆಯಿತು.

ಬಾಕ್ಸ್ ಆನ್ ಆಯಿತು. ಧೂಳು ತುಂಬಿದ್ದ ಫ್ಯಾನಿನ ಗೊರಗೊರ ಈಗಿಲ್ಲ, ಬಿಸಿಯೂ ಇಲ್ಲ. ಅಮ್ಮ ಕೇಳಿದಳು, “ಈಗ ಮಜಾ ಬಂತಾ?”

ಜೀರುಂಡೆ ಆಡಿದಳು. ಒಂದು ಗೋಡೆ ಕಟ್ಟಿದಳು, ಎರಡು ಗೂಬೆ ಓಡಿಸಿದಳು. ಎಲ್ಲ ಸರಿಯಾಗಿತ್ತು. ಮಜಾ ಒಂದು ಬಿಟ್ಟು.

“ಬಂತು,” ಎಂದು ಸುಳ್ಳು ಹೇಳಿದಳು.

ಅಮ್ಮ ಅವಳ ಮುಖವನ್ನೇ ನೋಡಿದಳು. “ನನ್ನ ಕೈಲಾಗಿದ್ದು ಇಷ್ಟೇ ಪುಟ್ಟಾ. ಡಬ್ಬೀಲಂತೂ ಏನೂ ತೊಂದ್ರೆ ಇಲ್ಲ,” ಎಂದು ತಲೆ ಸವರಿ ಒಳಗೆ ಹೋದಳು.

ಶನಿವಾರ ಬಂದೇ ಬಂತು.

“ಜೀರುಂಡೇ! ಬೇಗ ಬಾ, ಪೂರ್ವದ ಗೇಟ್ ಹತ್ರ ಬಾ. ಒಂದು ಸರ್ಪ್ರೈಸ್ ಇದೆ!” ಅಪ್ಪನ ದನಿ ಕುಣಿಯುತ್ತಿತ್ತು.

ಕೆಂಪು ಬೂಟಿನ ಗೊಂಬೆ ಹಸಿರು ಟೋಪಿಯ ಹಿಂದೆ ಓಡಿತು. ಗೇಟಿನ ಪಕ್ಕದಲ್ಲಿ ಒಂದು ಹೊಸ ಕಟ್ಟಡ. ಒಂದು ಕಡೆಗೆ ವಾಲಿದ ಗೋಡೆ, ನೀಲಿ ಶಟರು, ಒಳಗೊಂದು ಮೇಜು, ಒಂದು ಬೆಂಚು.

“ಅಮ್ಮನ ಅಂಗಡಿ! ವಾರ ಪೂರ್ತಿ ಡ್ಯೂಟಿ ಮುಗಿಸಿ ಬಂದು ಕಟ್ಟಿದೆ. ಹೇಗಿದೆ?”

ಅಪ್ಪ ಅಷ್ಟು ಕಷ್ಟಪಟ್ಟಿದ್ದಾನೆ. ಜೀರುಂಡೆಗೆ ಅಳುವೇ ಬರುವಂತಾಯಿತು. “ಚೆನ್ನಾಗಿದೆ ಅಪ್ಪ,” ಎಂದಳು. ದನಿ ಪೆಚ್ಚಾಗಿತ್ತು. ಅದನ್ನು ಮುಚ್ಚಿಕೊಳ್ಳಲು ಏನಾದರೂ ಹೇಳಬೇಕಿತ್ತು. “ಆದ್ರೆ ಮೇಜಿನ ಮೇಲೆ ಬಿಳಿ ಬಟ್ಟೆ ಇಲ್ಲ.”

“ಬಿಳಿ ಬಟ್ಟೆನಾ?”

“ಸ್ಕ್ರೂ ಇಡೋಕೆ. ನಾನು ಮೊನ್ನೆ ನಮ್ಮ ಬಾಕ್ಸ್ ಬಿಚ್ಚಿದೆನಲ್ಲ, ಆಗ ಹಾಸಿದ್ವಿ.”

“ನೀನು ಬಿಚ್ಚಿದ್ಯಾ?”

“ಹೂಂ! ಒಳಗೆ ಒಂದು ಇರುವೆ ಸತ್ತು ಬಿದ್ದಿತ್ತು. ಅಪ್ಪ, ಒಳಗೆ ರಸ್ತೆ ಇದೆ ಗೊತ್ತಾ? ಹಸಿರು ಬೋರ್ಡಿನ ಮೇಲೆ ಚಿನ್ನದ ಬಣ್ಣದ ಸಣ್ಣ ಸಣ್ಣ ರಸ್ತೆ...”

ಮಾತು ಶುರುವಾಯಿತು ನೋಡಿ, ನಿಲ್ಲಲೇ ಇಲ್ಲ. ಧೂಳು, ಬ್ರಷ್ಷು, ಕಾವೇರುವ ಚೌಕ, ಊದಬಾರದು ಯಾಕೆ, ಅಮ್ಮನಿಗೂ ಗೊತ್ತಿಲ್ಲದ ಭಾಗ ಯಾವುದು, ಎಲ್ಲ ಒಂದರ ಬಾಲ ಹಿಡಿದು ಇನ್ನೊಂದು ಬಂದವು. ಎಲ್ಲ ಜೋಡಿಸಿದ ಮೇಲೂ ಒಂದು ಸ್ಕ್ರೂ ಉಳಿಯಿತು ಎನ್ನುವಲ್ಲಿಗೆ ಬಂದು ಜೀರುಂಡೆ ಟೀವಿ ಕಡೆ ನೋಡಿದಳು. ಆಟದಲ್ಲಿ ಕತ್ತಲಾಗಿತ್ತು. ಕಲ್ಲುಗೂಬೆಗಳು ಬಂದು ಹೊಸ ಅಂಗಡಿಯ ಚಾವಣಿಯನ್ನು ಆರಾಮಾಗಿ ಕೀಳುತ್ತಿದ್ದವು. ಹಸಿರು ಟೋಪಿಯ ಗೊಂಬೆ ಅಲುಗಾಡದೆ ನಿಂತಿತ್ತು.

“ಅಪ್ಪ! ನಿನ್ನ ಬಾಕ್ಸ್ ಹ್ಯಾಂಗ್ ಆಗಿದ್ಯಾ?”

“ಇಲ್ವೇ. ಕಂಟ್ರೋಲರ್ ಆಗ್ಲೇ ಕೆಳಗಿಟ್ಟೆ. ಆ ಸ್ಕ್ರೂ ಎಲ್ಲಿದು ಅಂತ ಹೇಳು ಮೊದಲು.”

ಜೀರುಂಡೆ ಹೇಳಿದಳು. ಅಪ್ಪ “ಸದ್ಯ!” ಎಂದು ನಿಟ್ಟುಸಿರು ಬಿಟ್ಟ. ಆಮೇಲೆ ಕೇಳಿದ, “ಅದು ಸರಿ, ಬಾಕ್ಸ್ ಬಿಚ್ಚಿದ್ದು ಯಾಕೆ? ಏನಾಗಿತ್ತು?”

ಇನ್ನು ಮುಚ್ಚಿಡಲು ಆಗಲಿಲ್ಲ.

“ಮಜಾ ಬರ್ತಿರ್ಲಿಲ್ಲ ಅಪ್ಪ. ಈಗ್ಲೂ ಬರ್ತಿಲ್ಲ. ಡಬ್ಬಿ ಸರಿಯಾಗೇ ಇದೆ ಅಂತೆ. ನಂಗೇ ಏನೋ ಆಗಿದೆ.”

ಅವಳು ಹೆಡ್‌ಸೆಟ್ಟಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು.

“ಆಟ ನಿಲ್ಲಿಸಿದ್ರೆ ನೀನು ಮತ್ತೆ ‘ಊಟ ಆಯ್ತಾ, ಸ್ಕೂಲು’ ಅಂತ ಕೇಳಿ ಇಟ್ಬಿಡ್ತೀಯ.” ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದೇಬಿಟ್ಟಿತು.

“ಅಯ್ಯೋ ಮಗಳೇ...” ಅಪ್ಪ ತಡವರಿಸಿದ. “ನಿಜ ಹೇಳ್ಲಾ? ನಂಗೆ ಫೋನ್ ಹಿಡ್ಕೊಂಡು ಸುಮ್ನೆ ಮಾತಾಡೋಕೆ ಬರಲ್ಲ ಕಣೇ. ನಾಲಿಗೆ ಕಟ್ಟಿಹಾಕಿದ ಹಾಗಾಗುತ್ತೆ. ನಿಮ್ಮಮ್ಮನ ಹತ್ರಾನೂ ಹಾಗೇ. ಕೈಗೆ ಏನಾದ್ರೂ ಕೆಲಸ ಇದ್ರೆ ಮಾತು ತಾನೇ ತಾನಾಗಿ ಬರುತ್ತೆ. ಅದಕ್ಕೇ ಈ ಆಟ ಅಂದ್ರೆ ನಂಗೆ ಪ್ರಾಣ.”

ಜೀರುಂಡೆ ತೋಳಿನಿಂದ ಮೂಗು ಒರೆಸಿಕೊಂಡಳು. ಈವರೆಗೆ ಅವಳು ಯೋಚಿಸಿಯೇ ಇರಲಿಲ್ಲ. ಸ್ಕ್ರೂಡ್ರೈವರ್ ಹಿಡಿದಾಗ ತಾನೂ ಹಾಗೇ ತಾನೇ ವಟಗುಟ್ಟಿದ್ದು?

“ನಿಂಗೆ ಈಗ್ಲೂ ಮಜಾ ಬರುತ್ತಾ ಅಪ್ಪ?”

ಅಪ್ಪ ನಾಚಿಕೊಂಡ. “ಬರುತ್ತೆ. ನಂಗಿನ್ನೂ ಬೋರಾಗಿಲ್ಲ.”

“ಹಾಗಾದ್ರೆ ನೀನು ಆಡು. ನನ್ನ ಮನೆಗಳನ್ನೂ ನೀನೇ ಇಟ್ಕೋ. ನಾನು ಇಲ್ಲಿ ಏನಾದ್ರೂ ಬಿಚ್ತಾ ಇರ್ತೀನಿ. ಹಾಗೇ ಮಾತಾಡೋಣ.”

“ನೀನಿಲ್ದೆ ನಾನೊಬ್ಬನೇನಾ?” ಅಪ್ಪನ ದನಿ ಸ್ವಲ್ಪ ಸಣ್ಣದಾಯಿತು. ಬೇಸರವಾಗಿತ್ತು ಅವನಿಗೆ, ಅದು ಅವಳಿಗೂ ಗೊತ್ತಾಯಿತು. ಆದರೂ ಅವನು “ಆಗಲಿ ಮಾರಾಯ್ತಿ, ನೋಡೇಬಿಡೋಣ,” ಎಂದ.

ಮುಂದಿನ ಶನಿವಾರ ಜೀರುಂಡೆ ಅಂಗಡಿಯ ಮೇಜಿನ ಮುಂದೆ ಕುಳಿತಿದ್ದಳು. ಎದುರಿಗೆ ಟೈಲರ್ ಮಾಮನ ಹಳೆ ಅಲಾರಂ ಗಡಿಯಾರ. ಪಕ್ಕದಲ್ಲಿ ಡಬ್ಬಕ್ಕೆ ಒರಗಿಸಿಟ್ಟ ಫೋನು. ಅದರೊಳಗಿಂದ ಅಪ್ಪನ ಬಟನ್ನುಗಳ ಟಕಟಕ.

ಮೊದಮೊದಲು ಇಬ್ಬರಿಗೂ ಮುಜುಗರ. ಅಪ್ಪ “ಊಟ ಆಯ್ತಾ?” ಎಂದು ಕೇಳಿಯೂಬಿಟ್ಟ. ಎರಡು ನಿಮಿಷದ ಅಪ್ಪ ವಾಪಸ್ ಬಂದನೇ ಎಂದು ಜೀರುಂಡೆಗೆ ಹೆದರಿಕೆಯಾಯಿತು. ಆದರೂ ಅವಳು ಗಡಿಯಾರದ ಹಿಂದಿನ ತಗಡು ತೆಗೆದಳು.

“ಅಪ್ಪ, ಇದರೊಳಗೆ ಒಂದು ಚಕ್ರ ಇದೆ. ನಡುಗ್ತಾ ಇದೆ ಪಾಪ.”

“ನಡುಗ್ತಿದ್ಯಾ?” ಅಪ್ಪ ನಕ್ಕ. ಟಕಟಕ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. “ಮೊದಲನೇ ದಿನ ಕ್ರೇನ್ ಹತ್ತುವಾಗ ನನ್ನ ಕಾಲೂ ಹಾಗೇ ನಡುಗ್ತಾ ಇತ್ತು. ಯಾರಿಗೂ ಹೇಳಿಲ್ಲ ಇದನ್ನ. ನಿಮ್ಮಮ್ಮಂಗೂ ಗೊತ್ತಿಲ್ಲ.”

ಮೂಲೆಯಲ್ಲಿ ಫ್ಯಾನಿಗೆ ರೆಕ್ಕೆ ಹಾಕುತ್ತಿದ್ದ ಅಮ್ಮ ತಲೆ ಎತ್ತಿದಳು.

“ಅಷ್ಟು ಎತ್ತರನಾ ಅಪ್ಪ?”

“ಎತ್ತರ ಅಂದ್ರೆ? ಕೇಳು. ಮೊದಲು ಏಣಿ. ನೆಟ್ಟಗೆ ನಿಂತಿರೋ ಕಬ್ಬಿಣದ ಏಣಿ. ಕೈಯೆಲ್ಲಾ ಬೆವರು. ಕೆಳಗೆ ನೋಡಬಾರದು ಅಂತ ಹೇಳಿದ್ರು, ನಾನು ನೋಡೇಬಿಟ್ಟೆ...”

ಊರು ಕಟ್ಟುತ್ತ ಎಷ್ಟು ಶನಿವಾರ ಕಳೆದಿದ್ದರೂ ಈ ಅಪ್ಪನನ್ನು ಜೀರುಂಡೆ ಕಂಡಿರಲಿಲ್ಲ. ಅವನಿಗೆ ಭಯವಾಗುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಸ್ಕ್ರೂಡ್ರೈವರನ್ನು ಸದ್ದಾಗದಂತೆ ಬಟ್ಟೆಯ ಮೇಲಿಟ್ಟು ಫೋನಿನ ಹತ್ತಿರಕ್ಕೆ ಸರಿದಳು.

ಹೊತ್ತಾಯಿತೆಂದು ಅಮ್ಮ ಶಟರ್ ಎಳೆಯಲು ಎದ್ದಳು. ಜೀರುಂಡೆ ತುಟಿಯ ಮೇಲೆ ಬೆರಳಿಟ್ಟು, ಪಕ್ಕದ ಸ್ಟೂಲನ್ನು ಅವಳ ಕಡೆ ತಳ್ಳಿದಳು. ಅಮ್ಮ ಬಂದು ಕುಳಿತಳು. ಅಪ್ಪ ಇನ್ನೂ ಅರ್ಧ ಏಣಿಯಲ್ಲೇ ಇದ್ದ.