ಘೋಣಸಗಿಯ ಸುರಂಗದಲ್ಲಿ ಮೂವರು

ಘೋಣಸಗಿಯ ದ್ರಾಕ್ಷಿ ತೋಟಗಳ ಕೆಳಗೆ ಹಾದುಹೋಗುವ ಹಳೆಯ ನೀರಿನ ಸುರಂಗದಲ್ಲಿ ರಾಯಪ್ಪ ಸಿಕ್ಕಿಬಿದ್ದು ಇಪ್ಪತ್ತು ತಾಸಾಗಿತ್ತು. ಬಾವಿ ಸ್ವಚ್ಛ ಮಾಡುವುದೇ ಅವನ ಕಸುಬು. ನಿನ್ನೆ ಮಧ್ಯಾಹ್ನ ಹೂಳು ನೋಡಿ ಬರುತ್ತೇನೆಂದು ಮೇಲಿನ ಬಾವಿಯಿಂದ ಒಬ್ಬನೇ ಒಳಗಿಳಿದಿದ್ದ. ಅವನ ಬೆನ್ನ ಹಿಂದೆ ಛಾವಣಿ ಕುಸಿಯಿತು. ರಕ್ಷಣಾ ತಂಡದವರು ರಾತ್ರಿಯಿಡೀ ಅಗೆದರು. ಆದರೆ ಒಂದು ಗುದ್ದಲಿ ಮಣ್ಣು ತೆಗೆದರೆ ಎರಡು ಗುದ್ದಲಿ ಉದುರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ತಂಡದ ಮುಖ್ಯಸ್ಥ ಅರುಣಕುಮಾರ ಅಗೆತ ನಿಲ್ಲಿಸಿ ಮೂವರಿಗೆ ಹೇಳಿಕಳಿಸಿದ.

ಮೊದಲು ಬಂದವನು ಚಂದ್ರಕಾಂತ. ವಿಜಯಪುರದ ಗಾಂಧಿ ಚೌಕದಲ್ಲಿ ಹಮಾಲಿ ಮಾಡುತ್ತಿದ್ದ. ಹದಿನೆಂಟನೆಯ ವಯಸ್ಸಿಗೆ ಒಂದು ಕ್ವಿಂಟಲ್ ಜೋಳದ ಚೀಲ ಹೊತ್ತವನು, ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಚೀಲಕ್ಕೆ ಎರಡು ಕಿಲೋ ಸೇರಿಸಿ ಎತ್ತುತ್ತ ಬಂದಿದ್ದ. ಇಪ್ಪತ್ತೆರಡು ವರ್ಷ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿರಲಿಲ್ಲ. ಈಗ ಆರು ಕ್ವಿಂಟಲಿಗೂ ಮಿಕ್ಕಿ ಎತ್ತುತ್ತಿದ್ದ.

ಎರಡನೆಯವಳು ತಿಕೋಟಾದ ಲಲಿತಾ, ಬಾವಿಗೆ ಬಿದ್ದ ಮೋಟರುಗಳನ್ನು ಮುಳುಗಿ ತೆಗೆಯುವವಳು. ಎಂಟು ವರ್ಷದವಳಿದ್ದಾಗ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಅವಳಿಗೆ ಈಜು ಕಲಿಸಿದವನು ಇದೇ ರಾಯಪ್ಪ. ವಾರಕ್ಕೆ ಒಂದೇ ಎಣಿಕೆ ಹೆಚ್ಚಿಸುತ್ತ ಇಪ್ಪತ್ನಾಲ್ಕು ವರ್ಷ ಉಸಿರು ಹಿಡಿಯುವುದನ್ನು ರೂಢಿಸಿಕೊಂಡ ಅವಳು ಈಗ ನೀರಿನಡಿ ಇಪ್ಪತ್ತು ನಿಮಿಷ ಇರಬಲ್ಲಳು.

ಮೂರನೆಯವಳನ್ನು ಬಬಲೇಶ್ವರದ ಹತ್ತಿರದ ಜೈನಾಪುರದಿಂದ ಜೀಪಿನಲ್ಲಿ ಕರೆತರಬೇಕಾಯಿತು. ಬೋರವ್ವ, ಕುರಿ ಕಾಯುವವಳು, ಅರವತ್ತು ದಾಟಿದ ವಿಧವೆ. ದಾರಿಯುದ್ದಕ್ಕೂ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಇಳಿದವಳೇ ಅರುಣಕುಮಾರನಿಗೆ ಹೇಳಿದಳು:

“ಸಾಹೇಬ್ರ, ನಿಮ್ಮ ಪಂಪ್ ಬಂದ್ ಮಾಡಸ್ರಿ. ನನಗ ಏನೂ ಕೇಳಸವಲ್ದು.”

“ಅವ್ವಾ, ಸುರಂಗದ ಆಚೀ ತುದಿಯ ಕೆಳಗಿನ ಬಾವಿಯಿಂದ ನೀರು ಎತ್ತಾಕತ್ತೇವಿ. ಬಂದ್ ಮಾಡಿದ್ರ ಒಂದೂವರಿ ತಾಸಿನ್ಯಾಗ ನೀರು ರಾಯಪ್ಪನ ಮಟ ಬರತೈತಿ.”

“ಆಂವ ಎಲ್ಲಿ ಅದಾನಂತ ನಿಮಗ ಗೊತ್ತೈತೇನು?”

ಸುರಂಗ ಒಳಗೆ ಎರಡಾಗಿ ಕವಲೊಡೆದಿತ್ತು. ರಾಯಪ್ಪ ಯಾವ ಕವಲಿನಲ್ಲಿದ್ದಾನೆ, ಬದುಕಿದ್ದಾನೆಯೇ ಇಲ್ಲವೇ, ಯಾರಿಗೂ ತಿಳಿದಿರಲಿಲ್ಲ. ಅರುಣಕುಮಾರ ಕೈ ಎತ್ತಿ ಪಂಪ್ ನಿಲ್ಲಿಸಲು ಸನ್ನೆ ಮಾಡಿದ.

ಆಮೇಲೆ ನಡೆದದ್ದನ್ನು ಆ ಊರಿನವರು ಮೊದಲ ಸಲ ಕಂಡರು. ಸುತ್ತಲಿನ ತೋಟಗಳ ಮೋಟರುಗಳು ಒಂದೊಂದಾಗಿ ನಿಂತವು. ಔಷಧ ಹೊಡೆಯುವ ಟ್ರ್ಯಾಕ್ಟರು ನಿಂತಿತು. ಹಿಟ್ಟಿನ ಗಿರಣಿ, ಮೊಬೈಲುಗಳು, ಮಾತು, ಎಲ್ಲ ನಿಂತವು. ಮಳೆಗಾಲ ಮುಗಿದು ಬಳ್ಳಿ ಕತ್ತರಿಸುವ ಹೊತ್ತು ಅದು. ಕಣ್ಣು ಹಾಯುವಷ್ಟು ದೂರ ಬೋಳು ದ್ರಾಕ್ಷಿ ಬಳ್ಳಿಗಳು ತಂತಿಯ ಮೇಲೆ ತೋಳು ಚಾಚಿ ನಿಂತಿದ್ದವು, ಅದರಾಚೆ ಕರಿಮಣ್ಣಿನ ಹೊಲಗಳು ದಿಗಂತದವರೆಗೂ ಮಲಗಿದ್ದವು. ಇನ್ನೂರು ಜನ ಕತ್ತರಿ ಹಿಡಿದ ಕೈ ಇಳಿಬಿಟ್ಟು ಉಸಿರು ಬಿಗಿಹಿಡಿದು ನಿಂತರು.

ಬೋರವ್ವ ಬಾವಿಯ ದಂಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು.

ತುಂಬ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದಳು: “ಜೀವಂತ ಅದಾನ. ಎಡಗಡಿ ಕವಲು. ಉಸುರು ಸಣ್ಣಗ ಆಗೇತಿ. ಹಲ್ಲು ಕಡಿಯಾಕತ್ತಾನ, ಎಲ್ಲೋ ಬ್ಯಾನಿ ಐತಿ ಆಂವಗ.”

ಲಲಿತಾ ಆಗಲೇ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಳು.

*

ಮೂವರೂ ಹಣೆಗೆ ಬ್ಯಾಟರಿ ಕಟ್ಟಿಕೊಂಡು ಇಳಿದರು. ಒಳಗೂ ಬೋರವ್ವನ ಕಿವಿ ಬೇಕಿದ್ದುದರಿಂದ ಪಂಪ್ ನಿಂತೇ ಇತ್ತು. ನಲವತ್ತು ಅಡಿ ಕೆಳಗೆ ಸುರಂಗದ ಬಾಯಿ. ಆಳೆತ್ತರದ ಕಮಾನು, ಇಟ್ಟಿಗೆ ಮತ್ತು ಸುಣ್ಣದ ಗಾರೆ, ಗೋಡೆಯ ತುಂಬ ಬೇರುಗಳ ಗಡ್ಡ. ಕಾಲ ಕೆಳಗೆ ಹೂಳು ತಣ್ಣಗೆ ಜಾರುತ್ತಿತ್ತು. ಇದನ್ನು ಕಟ್ಟಿದವರು ಯಾರೋ, ಈ ಕತ್ತಲಲ್ಲಿ ಎಷ್ಟು ವರ್ಷ ಬಾಗಿ ಕೂತು ಒಂದೊಂದೇ ಇಟ್ಟಿಗೆ ಇಟ್ಟರೋ ಎಂದು ಲಲಿತಾ ಯೋಚಿಸಿದಳು. ಮೇಲೆ ಎಷ್ಟೋ ಬೆಳೆ ಬಂದು ಹೋಗಿದ್ದವು. ಕಮಾನು ಮಾತ್ರ ನಿನ್ನೆಯವರೆಗೂ ನಿಂತಿತ್ತು.

ಕುಸಿತದ ಜಾಗಕ್ಕೆ ಬಂದರು. ಕಲ್ಲು ಮಣ್ಣಿನ ಗುಡ್ಡೆ. ಅದರ ಬುಡದಲ್ಲಿ ಒಬ್ಬರು ತೆವಳಬಹುದಾದ ಕಿಂಡಿ. ಕಿಂಡಿಯ ಬಾಯಿಗೆ ಒಂದು ಕಲ್ಲು ಅಡ್ಡ ಬಿದ್ದಿತ್ತು.

“ತಡಿ ತಮ್ಮಾ,” ಬೋರವ್ವ ಹೇಳಿದಳು. “ಈ ಕಲ್ಲು ಯಾವ ಕಲ್ಲಿಗೆ ಆತಿಕೊಂಡೈತಿ ಕೇಳತೀನಿ.”

“ಇದೇನು ದೊಡ್ಡದವ್ವಾ? ಎರಡ ಕ್ವಿಂಟಲ್ ಇಲ್ಲ.”

ಗುಂಡುಕಲ್ಲು ಎತ್ತುವ ಪಂದ್ಯಗಳಲ್ಲಿ ಮಾಡುವಂತೆ ಚಂದ್ರಕಾಂತ ಒಂದೇ ಉಸಿರಿಗೆ ಕಲ್ಲನ್ನು ಎತ್ತಿ ಬದಿಗೆ ಒಗೆದ. ಸದ್ದು ಸುರಂಗದುದ್ದಕ್ಕೂ ಓಡಿತು.

“ಒಳಗ ಹೋಗ್ರಿ!” ಬೋರವ್ವ ಕೂಗಿದಳು. “ಓಡ್ರಿ!”

ಮೂವರೂ ಕಿಂಡಿಯೊಳಗೆ ನುಸುಳಿದರು. ಮೊಣಕೈ ತರಚಿತು. ಹಿಂದೆ ಗುಡ್ಡೆ ನರಳಿತು. ಅವರು ಆಚೆ ಬದಿಗೆ ಉರುಳಿ ಬಿದ್ದದ್ದಕ್ಕೂ ಕಿಂಡಿ ಮುಚ್ಚಿದ್ದಕ್ಕೂ ಒಂದು ಉಸಿರಿನ ಅಂತರ.

ಧೂಳು ಇಳಿಯಿತು. ಹೊರಗೆ ಹೋಗುವ ದಾರಿ ಇರಲಿಲ್ಲ. ಲಲಿತಾಳ ಸೊಂಟದ ಹಗ್ಗ ಮಣ್ಣಿನೊಳಗೆ ಹೋಗಿ ಅಲ್ಲೇ ನಿಂತಿತ್ತು. ಅವಳು ಚೂರಿ ತೆಗೆದು ಅದನ್ನು ಕತ್ತರಿಸಿದಳು.

ಚಂದ್ರಕಾಂತ ತನ್ನ ಅಂಗೈಗಳನ್ನೇ ನೋಡುತ್ತ ಕೂತ. “ತಪ್ಪಾತು,” ಎಂದ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

“ಏಳು,” ಬೋರವ್ವ ಹೇಳಿದಳು. “ಇನ್ನ ಮುಂದ ನಾ ಸಾಸಿವಿಯಷ್ಟು ಅಂದ್ರ ಸಾಸಿವಿಯಷ್ಟ ಎತ್ತಬೇಕು.”

*

ಎಡ ಕವಲಿನಲ್ಲಿ ಇಳಿಜಾರು ಶುರುವಾಯಿತು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ತಿರುವಿನಾಚೆ ಬ್ಯಾಟರಿಯ ಬೆಳಕಿಗೆ ಒಂದು ಮುಖ ಹೊಳೆಯಿತು.

“ಕಾಕಾ!” ಲಲಿತಾ ನೀರೆರಚುತ್ತ ಓಡಿದಳು.

ರಾಯಪ್ಪ ಗೋಡೆಗೊರಗಿ ಕೂತಿದ್ದ. ನೀರು ಅವನ ಎದೆಗೆ ಬಂದಿತ್ತು. ಬಾಗಿಲಗಲದ ಒಂದು ಚಪ್ಪಡಿ ಅವನ ಬಲಗಾಲನ್ನು ಒತ್ತಿ ಹಿಡಿದಿತ್ತು.

“ನೀ ಯಾಕ ಬಂದೆವ್ವಾ?” ಎಂದ. ಧ್ವನಿ ಒಣಗಿತ್ತು. “ಈ ಸುರಂಗ ಉಳಿಯಂಗಿಲ್ಲ.”

ಬೋರವ್ವ ಚಪ್ಪಡಿಗೆ ಕಿವಿ ಹಚ್ಚಿದಳು. ಅದರ ಮೇಲಂಚು ಕಮಾನಿಗೆ ಒತ್ತಿಕೊಂಡಿತ್ತು. ಸೀಳಿದ ಕಮಾನನ್ನು ಹಿಡಿದು ನಿಲ್ಲಿಸಿದ್ದು ಆ ಚಪ್ಪಡಿಯೇ.

“ಇದನ್ನ ಎತ್ತಬಹುದು. ಆದ್ರ ಇಳಸಾಕ ಬರಂಗಿಲ್ಲ. ಇಳಸಿದ್ರ ಮ್ಯಾಲಿಂದೆಲ್ಲ ಬರತೈತಿ.”

ಕೆಳಗೆ ಆಧಾರ ಕೊಡಲು ನೋಡಿದರು. ಸಿಕ್ಕಿದ್ದು ಇಟ್ಟಿಗೆ ಚೂರು, ಅದೂ ಹೂಳಿನಲ್ಲಿ ಇಳಿದುಹೋಗುತ್ತಿತ್ತು. ಚಂದ್ರಕಾಂತ ಚಪ್ಪಡಿಯ ಕೆಳಗೆ ಎರಡೂ ಕೈ ತೂರಿಸಿದ.

“ಎಷ್ಟವ್ವಾ?”

“ಸಾಸಿವಿಯಷ್ಟು... ಇನ್ನೊಂದು ಸಾಸಿವಿ... ನಿಲ್ಲು. ಉಸುಕು ಉದುರಾಕತ್ತೈತಿ. ಹ್ಞಾ, ನಿಂತಿತು. ಈಗ ಮತ್ತ.”

ಅವನ ಕತ್ತಿನ ನರಗಳು ಉಬ್ಬಿದವು. ಚಪ್ಪಡಿ ಬೆರಳಗಲ ಮೇಲೆದ್ದಿತು. ಲಲಿತಾ ಮುಳುಗಿದಳು. ಹೂಳು ತೋಡಿ, ಹಿಮ್ಮಡಿ ಬಿಡಿಸಿ, ರಾಯಪ್ಪನ ಕಾಲನ್ನು ಎಳೆದಳು. ಅವನು ಒಂದೇ ಸಲ ಚೀರಿ, ಬಿಡುಗಡೆಯಾಗಿ ಅವಳ ಮೇಲೆ ಬಿದ್ದ.

ಕೆಲಸ ಅರ್ಧ ಆಗಿತ್ತು. ನೀರು ನಿಂತವರ ಸೊಂಟಕ್ಕೆ ಬಂದಿತ್ತು. ಹಿಂದಿನ ದಾರಿ ಮುಚ್ಚಿತ್ತು. ಮುಂದಿನ ದಾರಿ ಕೆಳಗಿನ ಬಾವಿಗೆ, ಮುನ್ನೂರು ಅಡಿ. ಅಲ್ಲಿ ನೀರು ಛಾವಣಿ ಮುಟ್ಟಿತ್ತು.

“ನಾ ಹೋಗಿ ಪಂಪ್ ಚಾಲೂ ಮಾಡಸ್ತೀನಿ,” ಲಲಿತಾ ಹೇಳಿದಳು. “ನೀರು ಇಳಿಯೂ ಮಟ ಹಿಡೀತಿಯೇನಣ್ಣಾ?”

ಎತ್ತುವುದು ಚಂದ್ರಕಾಂತನಿಗೆ ಗೊತ್ತಿತ್ತು. ಎತ್ತಿ, ಒಗೆದು, ಜನರ ಶಿಳ್ಳೆ ಕೇಳುವುದು ಗೊತ್ತಿತ್ತು. ಹಿಡಿದು ನಿಲ್ಲುವುದನ್ನು ಅವನು ಒಂದು ಅಮಾವಾಸ್ಯೆಗೂ ಅಭ್ಯಾಸ ಮಾಡಿರಲಿಲ್ಲ.

“ಹೋಗು,” ಎಂದ.

ಅವಳು ಮೂರು ಸಲ ನಿಧಾನವಾಗಿ ಉಸಿರೆಳೆದು ಮುಳುಗಿದಳು. ಬೆಳಕು ನೀರಿನಡಿ ಹಸಿರಾಗಿ ದೂರ ಸರಿದು ಮಾಯವಾಯಿತು.

ಬೋರವ್ವ ರಾಯಪ್ಪನನ್ನು ತೋಳಿನಲ್ಲಿ ಎತ್ತಿ ಹಿಡಿದು ನೀರಿಗೆ ಕಿವಿಗೊಟ್ಟಳು. “ಗ್ವಾಡಿ ಹಿಡಕೊಂಡು ಹೊಂಟಾಳ... ಅರ್ಧ ದಾರಿ ಆತು.” ಆಮೇಲೆ ಕಿವಿಯನ್ನು ನೀರಿಗೆ ಇನ್ನೂ ಹತ್ತಿರ ತಂದಳು.

“ಏನಾತವ್ವಾ?” ಚಂದ್ರಕಾಂತ ಕೇಳಿದ.

“ನಿಂತಾಳ.”

ಒಂದು ನಿಮಿಷ. ಐದು ನಿಮಿಷ. ರಾಯಪ್ಪ ತುಟಿಯೊಳಗೇ ಎಣಿಸುತ್ತಿದ್ದ, ಹಿಂದೆ ಬಾವಿ ದಂಡೆಯ ಮೇಲೆ ಕೂತು ಆ ಹುಡುಗಿಗಾಗಿ ಎಣಿಸಿದಂತೆ. ಚಂದ್ರಕಾಂತನ ತೋಳುಗಳಲ್ಲಿ ಬೆಂಕಿ ಹತ್ತಿತ್ತು.

“ಎಡಗಾಲು ನಡಗಾಕತ್ತೈತಿ ನಿಂದು,” ಬೋರವ್ವ ಹೇಳಿದಳು. “ಭಾರ ಬಲಕ್ಕ ಹಾಕು. ಹಲ್ಲು ಕಚ್ಚಬ್ಯಾಡ, ಶಕ್ತಿ ಸುಮ್ಮಕ ಅಲ್ಲಿ ಸೋರತೈತಿ.”

ಅವನು ದವಡೆ ಸಡಿಲಿಸಿದ. ನಿಜವಾಗಿಯೂ ಹಗುರಾಯಿತು. “ಇದೆಲ್ಲ ಹೆಂಗ ಕಲತ್ರಿ ಅವ್ವಾ?”

“ಹೊಸದಾಗಿ ಕುರಿ ಹಿಂದ ಹೋದ ವರ್ಷ, ನನ್ನಿಂದ ಹತ್ತು ಮಾರು ದೂರದಾಗ ತ್ವಾಳ ಒಂದು ಮರಿ ಒಯ್ತು. ನಾ ಹಾಡು ಹಾಡಕೋತ ಕುಂತಿದ್ದೆ. ಅವತ್ತಿನಿಂದ ದಿನಾ ಸಂಜಿಕ ಸುಮ್ಮನ ಕುಂತು ಕೇಳಾಕ ಹತ್ತಿದೆ. ಮೊದಲ ಗಂಟಿ ಸಪ್ಪಳ ಕೇಳಿದೆ. ಗಂಟಿ ಬಿಚ್ಚಿ ಉಸುರು ಕೇಳಿದೆ. ನಲವತ್ತ ವರ್ಷ ಆತು. ಮಂದಿ ದೇವಿ ಮೈಮ್ಯಾಲ ಬರತಾಳ ಅಂತಾರ. ಯಾರೂ ಬರಂಗಿಲ್ಲ, ನಾ ಒಬ್ಬಾಕಿನ ಕುಂತಿರತೀನಿ.”

ಹನ್ನೆರಡನೆಯ ನಿಮಿಷಕ್ಕೆ ಅವಳ ಮುಖ ಅರಳಿತು. “ಹೊಂಟ್ಲು!”

ಸುರಂಗಕ್ಕೆ ಅಡ್ಡಲಾಗಿ ಬೆಳೆದ ಜಾಲಿಬೇರುಗಳನ್ನು ಲಲಿತಾ ಚೂರಿಯಿಂದ ಒಂದೊಂದಾಗಿ ಕತ್ತರಿಸಿದ್ದಳು. ಉಸಿರು ಹದಿನೇಳನೆಯ ನಿಮಿಷ ಮುಟ್ಟುವಾಗ ಅವಳ ತಲೆ ಕೆಳಗಿನ ಬಾವಿಯ ಬಿಸಿಲಿಗೆ ಮೇಲೆದ್ದಿತು. “ಪಂಪ್!” ಅಷ್ಟೇ ಅವಳು ಕೂಗಿದ್ದು.

*

ಮೊದಲಿನ ಒಂದರ ಜೊತೆ ತೋಟಗಳಿಂದ ತಂದ ಮೂರೂ ಸೇರಿ ನಾಲ್ಕು ಪಂಪುಗಳು ಒಟ್ಟಿಗೆ ಶುರುವಾದವು.

ರಾಯಪ್ಪನಿಗೆ ಅದು ದೂರದ ಗುಡುಗಿನಂತೆ ಕೇಳಿತು. ಬೋರವ್ವನಿಗೆ ತಲೆಯೊಳಗೇ ಬಡಿದಂತಾಯಿತು. ಒಂದು ಕೈ ರಾಯಪ್ಪನನ್ನು ಹಿಡಿದಿತ್ತು, ಎರಡೂ ಕಿವಿ ಮುಚ್ಚಿಕೊಳ್ಳಲು ಆಗಲಿಲ್ಲ. ಅವಳು ಅವನನ್ನು ಬಿಡಲಿಲ್ಲ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

ಕುತ್ತಿಗೆಗೆ ಬಂದಿದ್ದ ನೀರು ಅಲ್ಲೇ ನಿಂತಿತು. ಆಮೇಲೆ ಎದೆಗೆ ಇಳಿಯಿತು. ಅರ್ಧ ತಾಸಿನಲ್ಲಿ ಮುಂದಿನ ಕಮಾನಿನ ಕೆಳಗೆ ಒಂದು ಗೇಣು ಗಾಳಿ ಕಾಣಿಸಿತು, ಆಮೇಲೆ ಒಂದು ಮೊಳ.

ಲಲಿತಾ ಆ ದಾರಿಯಿಂದಲೇ ಮರಳಿ ಬಂದಳು. “ಕಾಕಾನ್ನ ಕೊಡ್ರಿ!” ರಾಯಪ್ಪನನ್ನು ಬೆನ್ನ ಮೇಲೆ ತೇಲಿಸಿಕೊಂಡು ಹೊರಟಳು.

“ಅವ್ವಾ, ನೀವೂ ಹೋಗ್ರಿ,” ಚಂದ್ರಕಾಂತ ಹೇಳಿದ. “ಯಾವಾಗ ಬಿಡ್ಲಿ, ಅಷ್ಟು ಹೇಳಿ ಹೋಗ್ರಿ.”

ಬೋರವ್ವ ಅವನ ತುಟಿಗಳನ್ನೇ ನೋಡಿದಳು. “ನನಗ ಕೇಳಸವಲ್ದು ತಮ್ಮಾ,” ಜೋರಾಗಿ ಹೇಳಿದಳು. “ಕಿವಿ ಹೋದವು. ಇನ್ನ ನೀನ ಕೇಳಬೇಕು. ಅಂಗೈಲೆ ಕೇಳು.”

ಅವಳು ಹೋದ ಮೇಲೆ ಅವನೊಬ್ಬನೇ ಉಳಿದ. ಎಲ್ಲವನ್ನೂ ಒಗೆದು ಓಡಬೇಕೆಂದು ಮೈಯ ಪ್ರತಿ ನರವೂ ಹೇಳುತ್ತಿತ್ತು. ಅವನು ಕಣ್ಣು ಮುಚ್ಚಿದ. ಕಲ್ಲು ನಡುಗುತ್ತಿರುವುದು ಅಂಗೈಗೆ ತಿಳಿಯಿತು. ನಡುಕದೊಳಗೆ ಇನ್ನೊಂದು ಸಣ್ಣ ನಡುಕ: ಉಸುಕು ಉದುರುವುದು, ನಿಲ್ಲುವುದು, ಮತ್ತೆ ಉದುರುವುದು. ಇಪ್ಪತ್ತೆರಡು ವರ್ಷ ಭಾರ ಹೊತ್ತವನು ಭಾರದ ಮಾತನ್ನು ಇದೇ ಮೊದಲು ಕೇಳಿದ.

ಉಸುಕು ನಿಂತಿತು. ಸಾಸಿವೆಯಷ್ಟು ಇಳಿಸಿದ. ಕಾದ. ಇನ್ನೊಂದು ಸಾಸಿವೆ. ಚಪ್ಪಡಿ ಹೂಳಿಗೆ ಕೂತಿತು. ಕಮಾನು ನರಳಿತು, ಬೀಳಲಿಲ್ಲ. ಅವನು ಕೈ ಹಿಂತೆಗೆದು, ನೀರು ಕಲಕದಂತೆ ಹೆಜ್ಜೆ ಇಡುತ್ತ ಹೊರಟ. ನೂರು ಹೆಜ್ಜೆ ನಡೆದ ಮೇಲೆ ಹಿಂದಿನಿಂದ ದೊಡ್ಡ ಸದ್ದು ಬಂತು. ನೀರಿನ ಒಂದು ಅಲೆ ಅವನನ್ನು ಎತ್ತಿ ಕೆಳಗಿನ ಬಾವಿಯ ಬೆಳಕಿಗೆ ತಂದು ಹಾಕಿತು.

*

ಹಗ್ಗದ ಜೋಳಿಗೆಯಲ್ಲಿ ಎಲ್ಲರೂ ಮೇಲೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ರಾಯಪ್ಪನ ಕಾಲಿನ ಎಲುಬು ಎರಡು ಕಡೆ ಮುರಿದಿತ್ತು. ಕಾಲು ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಸ್ಟ್ರೆಚರಿನ ಮೇಲಿಂದ ಅವನು ಲಲಿತಾಳನ್ನು ಹತ್ತಿರ ಕರೆದ.

“ಎಷ್ಟಾತು?”

“ಒಂದ ಸಾವಿರದ ಹತ್ತೊಂಬತ್ತು ಎಣಿಸಿದೆ ಕಾಕಾ.”

“ನಡುವ ಎರಡ ಬಿಟ್ಟಿ. ನಾನೂ ಎಣಸಾಕತ್ತಿದ್ದೆ,” ಎಂದು ಅವನು ನಕ್ಕ, ಆಮೇಲೆ ಅವಳ ಕೈ ಹಿಡಿದು ಅತ್ತ.

ಬೋರವ್ವನ ಕಿವಿ ತೆರೆಯಲು ಕೆಲವು ದಿನ ಬೇಕು ಎಂದರು. ಕಿವಿಯಿಲ್ಲದೆ ಕುರಿ ಕಾಯುವುದು ಹೇಗೆಂದು ಅವಳು ಚಿಂತೆಗೆ ಬಿದ್ದಳು. ಚಂದ್ರಕಾಂತನ ತೋಳು ತಿಂಗಳವರೆಗೆ ಚೀಲ ಮುಟ್ಟುವಂತಿರಲಿಲ್ಲ. ಅವನು ಗಾಂಧಿ ಚೌಕಕ್ಕೆ ಹೋಗದೆ ಬೋರವ್ವನ ಜೊತೆ ಕುರಿ ಕಾಯಲು ಅದೇ ಜೀಪು ಹತ್ತಿ ಜೈನಾಪುರಕ್ಕೆ ಹೋದ.

ಮೊದಲ ದಿನ ಹೊಲದ ಬದುವಿನ ಮೇಲೆ ಕೂತವನಿಗೆ ಗಾಳಿಯ ಹೊರತು ಏನೂ ಕೇಳಲಿಲ್ಲ. ಎರಡನೆಯ ದಿನ ನಿದ್ದೆ ಬಂತು. ನಾಲ್ಕನೆಯ ದಿನ ಕುರಿಗಳು ಹುಲ್ಲು ಕೀಳುವ ಸದ್ದು ಕೇಳಿತು, ನೂರಾರು ಹಲ್ಲುಗಳ ಒಂದೇ ಸದ್ದು. ಆರನೆಯ ಸಂಜೆ ಅವನು ಕಣ್ಣು ಮುಚ್ಚಿ, ಆ ಒಂದರೊಳಗಿಂದ ಒಂದೇ ಕುರಿಯ ಸದ್ದನ್ನು ಬಿಡಿಸಿ ಹಿಡಿಯಲು ಹೆಣಗುತ್ತಿದ್ದ. ತಾಸಾಯಿತು. ಸ್ವಲ್ಪ ಆಚೆ ಕಂಬಳಿಯ ಮೇಲೆ ಕೂತಿದ್ದ ಬೋರವ್ವ ಥಟ್ಟನೆ ತಲೆ ಎತ್ತಿ ಅವನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿದ್ದವು.

“ಏಳು ತಮ್ಮಾ,” ಎಂದಳು, ಮೆಲ್ಲಗೆ. “ರೊಟ್ಟಿ ತಿನ್ನು. ನಿನ್ನ ಹೊಟ್ಟಿ ಗುರುಗುಡಾಕತ್ತೈತಿ.”